ಬೆಂಕಿಯ ಬಾಯಿಂದ ಒಣ ಎಲೆಗಳನ್ನು ತಂದವಳು

ಮನೆಗೆ ಬೆಂಕಿ ಹತ್ತಿಕೊಂಡಿತು ಅಂತ ಇಟ್ಟುಕೊಳ್ಳಿ. ಬಿಡ್ತು ಅನ್ನಿ, ಯಾರ ಮನೆಗೂ ಹಾಗಾಗದಿರಲಿ, ಸುಮ್ಮನೆ ಮಾತಿಗೆ ಹೇಳಿದೆ. ಮಕ್ಕಳು ಮರಿ ಎಲ್ಲ ಹೊರಗೆ ಬಂದಾಗಿದೆ. ಇನ್ನು ಒಂದೇ ಒಂದು ಸಲ ಒಳಗೆ ಹೋಗಿ ಬರಬಹುದು. ಏನನ್ನು ತರುತ್ತೀರಿ? ಬೀರುವಿನೊಳಗಿನ ಒಡವೆಯ ಗಂಟು, ಧಾರೆಸೀರೆ, ಮನೆಯ ಪತ್ರಗಳು, ಅಮ್ಮ ಕೊಟ್ಟ ಬೆಳ್ಳಿ ಲೋಟ... ನಾನಾದರೂ ಇವುಗಳಲ್ಲೇ ಒಂದಕ್ಕೆ ಕೈ ಹಾಕುತ್ತಿದ್ದೆ.

ಆದರೆ ಊರಿಗೆ ಊರೇ ಉರಿಯುತ್ತಿದ್ದಾಗ ತನ್ನ ಮನೆಯ ಸಾಮಾನಿನ ಚಿಂತೆ ಬಿಟ್ಟು, ತಾನು ಕೆಲಸ ಮಾಡುತ್ತಿದ್ದ ಕಟ್ಟಡದ ಆರನೇ ಮಹಡಿಗೆ ಮುರಿದ ಮೆಟ್ಟಿಲಿನ ಕಂಬಿ ಹಿಡಿದು ಹತ್ತಿ, ಒಣಗಿದ ಗಿಡಗಳ ಕಟ್ಟುಗಳನ್ನು ಹಗ್ಗ ಕಟ್ಟಿ ಕೆಳಗಿಳಿಸಿದ ಹೆಂಗಸೊಬ್ಬಳಿದ್ದಳು. ಹೆಸರು ಆಲಿಸ್ ಈಸ್ಟ್‌ವುಡ್. ಊರು, ಅಮೆರಿಕದ ಪಶ್ಚಿಮ ತೀರದ ಸ್ಯಾನ್ ಫ್ರಾನ್ಸಿಸ್ಕೋ. ಕಾಲ, 1906ರ ಏಪ್ರಿಲ್. ಆಗ ಆಕೆಗೆ 47 ವರ್ಷ.

"ಹೋಗಿ ಹೋಗಿ ಒಣ ಎಲೆಗೆ ಪ್ರಾಣ ಪಣಕ್ಕಿಡೋದೇ?" ಅಂತ ನೀವು ಕೇಳಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಅದಕ್ಕೇ ಆ ಒಣ ಎಲೆ ಅಂದರೆ ಏನು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಚಿಕ್ಕವರಿದ್ದಾಗ ಅರಳಿ ಎಲೆಯನ್ನೋ ಗುಲಾಬಿ ದಳವನ್ನೋ ಪುಸ್ತಕದ ನಡುವೆ ಇಟ್ಟು ಒಣಗಿಸದವರು ನಮ್ಮಲ್ಲಿ ಯಾರಿದ್ದಾರೆ? ವಿಜ್ಞಾನಿಗಳೂ ಮಾಡುವುದು ಅದನ್ನೇ, ಆದರೆ ಬಹಳ ಶಿಸ್ತಿನಿಂದ. ಗಿಡದ ಒಂದು ರೆಂಬೆ, ಸಣ್ಣ ಗಿಡವಾದರೆ ಬೇರು ಸಮೇತ ಇಡೀ ಗಿಡ, ಹೂವು ಕಾಯಿ ಇರುವಾಗಲೇ ತರಬೇಕು. ಎಲೆಗಳು ಮಡಿಚದಂತೆ ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಹರಡಿ, ಮೇಲೆ ಹಲಗೆ ಇಟ್ಟು ಬಿಗಿಯಬೇಕು. ತೇವ ಹೀರಿದ ಕಾಗದವನ್ನು ದಿನಾ ಬದಲಿಸಬೇಕು. ಮಳೆಗಾಲದಲ್ಲಿ ಸಂಡಿಗೆ ಒಣಗಿಸಿದವರಿಗೆ ಈ ಕಷ್ಟ ಏನೆಂದು ಹೇಳಿಕೊಡಬೇಕಾಗಿಲ್ಲ. ಒಂದು ದಿನ ಉದಾಸೀನ ಮಾಡಿದಿರೋ, ಬೂಷ್ಟು ಹಿಡಿಯಿತೆಂದೇ ಲೆಕ್ಕ. ಚೆನ್ನಾಗಿ ಒಣಗಿದ ಮೇಲೆ ದಪ್ಪ ಹಾಳೆಯ ಮೇಲೆ ಅಂಟಿಸಿ ಅಥವಾ ದಾರದಲ್ಲಿ ಹೊಲಿದು, ಮೂಲೆಯಲ್ಲಿ ಒಂದು ಚೀಟಿ ಹಚ್ಚುತ್ತಾರೆ. ಗಿಡದ ಹೆಸರೇನು, ಎಲ್ಲಿ ಸಿಕ್ಕಿತು, ಯಾವ ದಿನ, ಯಾರು ಕಿತ್ತರು, ಹೂವಿನ ಬಣ್ಣ ಏನಿತ್ತು, ಎಲ್ಲ ಅದರಲ್ಲಿ. ಒಣಗಿದಾಗ ಬಣ್ಣ ಹೋಗಿಬಿಡುತ್ತದಲ್ಲ, ಅದಕ್ಕೇ ಬರೆದಿಡಬೇಕು. ಇಂಥ ಸಾವಿರಾರು ಹಾಳೆಗಳನ್ನು ಜಾತಿ ಪ್ರಕಾರ ಕಪಾಟಿನಲ್ಲಿ ಜೋಡಿಸಿಟ್ಟ ಜಾಗಕ್ಕೆ ಹರ್ಬೇರಿಯಂ ಅನ್ನುತ್ತಾರೆ. ಕನ್ನಡದಲ್ಲಿ ಒಣಸಸ್ಯ ಸಂಗ್ರಹ ಅನ್ನಬಹುದು. ಅದನ್ನು ಹುಳ ಹೊಡೆಯದಂತೆ, ತೇವ ತಾಗದಂತೆ, ಒಂದು ಹಾಳೆ ಇನ್ನೊಂದರ ಜಾಗಕ್ಕೆ ಹೋಗದಂತೆ ಕಾಯುವವರು ಕ್ಯೂರೇಟರ್, ಅಂದರೆ ಪಾಲಕರು. ಗಿಡಗಳನ್ನು ಗುರುತಿಸಿ, ಹೆಸರಿಟ್ಟು, ಯಾವುದು ಯಾವ ಕುಟುಂಬಕ್ಕೆ ಸೇರಿದ್ದು ಅಂತ ವಿಂಗಡಿಸುವ ಶಾಸ್ತ್ರ ತಿಳಿದವರೇ ಆ ಕೆಲಸಕ್ಕೆ ಬೇಕು.

ಹೆಸರಿನಲ್ಲೇನಿದೆ ಅಂತೀರಾ? ನಮ್ಮ ಅಡಿಗೆಮನೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಬ್ರಾಹ್ಮಿ ತಂಬುಳಿ ಮಾಡಿದೆ ಅಂತ ಮಲೆನಾಡಿನ ಗೆಳತಿ ಹೇಳಿದರೆ ಅವಳು ಅರೆದದ್ದು ಒಂದೆಲಗವನ್ನು, ದುಂಡಗೆ ಹರಡಿಕೊಂಡು ಬೆಳೆಯುತ್ತದಲ್ಲ, ಅದನ್ನು. ಅದೇ ಬ್ರಾಹ್ಮಿ ಬೇಕೆಂದು ಆಯುರ್ವೇದದ ಪಂಡಿತರನ್ನು ಕೇಳಿದರೆ ಅನೇಕರು ಕೊಡುವುದು ನೀರುಬ್ರಾಹ್ಮಿಯನ್ನು. ಕೆಸರಿನಲ್ಲಿ ಬೆಳೆಯುವ, ಚಿಕ್ಕ ದಪ್ಪ ಎಲೆಯ ಬೇರೆಯೇ ಗಿಡ. ಒಂದೆಲಗ ನಮ್ಮ ಕೊತ್ತಂಬರಿಯ ಕುಟುಂಬದ್ದು, ನೀರುಬ್ರಾಹ್ಮಿಗೂ ಅದಕ್ಕೂ ನೆಂಟಸ್ತಿಕೆಯೇ ಇಲ್ಲ. ಶಾಸ್ತ್ರದ ಹೆಸರಿನಲ್ಲಿ ಈ ಗೊಂದಲ ಇರುವುದಿಲ್ಲ. ಒಂದು ಸೆಂಟೆಲ್ಲಾ ಏಷಿಯಾಟಿಕಾ, ಇನ್ನೊಂದು ಬಕೋಪಾ ಮೊನ್ನಿಯೆರಿ. ಪ್ರಪಂಚದ ಯಾವ ಮೂಲೆಯಲ್ಲಿ ಹೇಳಿದರೂ ಅದೇ ಗಿಡ.

ಸರಿ, ಆದರೆ ಆ ಹೆಸರು ಇಂಥ ಗಿಡದ್ದೇ ಅಂತ ಸಾಕ್ಷಿ ಏನು? ಅಲ್ಲೇ ಇದೆ ವಿಷಯ. ಯಾರಾದರೂ ಹೊಸ ಗಿಡ ಕಂಡು ಹೆಸರಿಟ್ಟರೆ, ಆ ಹೆಸರಿಗೆ ಆಧಾರವಾಗಿ ಒಂದು ಒಣ ಮಾದರಿಯನ್ನು ಇಡಬೇಕು. ಅದಕ್ಕೆ ಮೂಲಮಾದರಿ ಅನ್ನೋಣ. ಹಿಂದೆಲ್ಲ ಅಂಗಡಿಯವನ ಪಾವು ಸೇರಿನ ಮೇಲೆ ಅನುಮಾನ ಬಂದರೆ ಸರ್ಕಾರಿ ಮುದ್ರೆಯ ಸೇರಿಗೆ ಹಿಡಿದು ನೋಡುತ್ತಿದ್ದರಲ್ಲ, ಹಾಗೆ. ಮೂಲಮಾದರಿ ಹೋಯಿತೆಂದರೆ ಆಧಾರ ಹೋದಂತೆ. ಅದೇ ಗಿಡವನ್ನು ಮತ್ತೆ ಕಿತ್ತು ತರಬಹುದು, ಆದರೆ ಅದು ಆ ಮೊದಲನೆಯದು ಆಗುವುದಿಲ್ಲ.

ಈಗ ಆಲಿಸಳ ವಿಷಯಕ್ಕೆ ಬರುತ್ತೇನೆ.

ಆಕೆ ಹುಟ್ಟಿದ್ದು 1859ರ ಜನವರಿ 19ರಂದು, ಕೆನಡಾ ದೇಶದ ಟೊರಾಂಟೊದಲ್ಲಿ. ಮೂವರು ಮಕ್ಕಳಲ್ಲಿ ಹಿರಿಯಳು. ಆರು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡಳು. ತಂದೆಗೆ ಮಕ್ಕಳನ್ನು ಒಂದೆಡೆ ಇಟ್ಟು ಸಾಕುವ ಅನುಕೂಲವಿರಲಿಲ್ಲ. ಕೆಲವು ಕಾಲ ಚಿಕ್ಕಪ್ಪನ ಮನೆ, ಆಮೇಲೆ ತಂಗಿಯ ಜೊತೆ ಕ್ರೈಸ್ತ ಸನ್ಯಾಸಿನಿಯರ ಕಾನ್ವೆಂಟು. ಚಿಕ್ಕಪ್ಪನಿಗೆ ತೋಟದ ಹುಚ್ಚು. ಗಿಡಗಳ ಲ್ಯಾಟಿನ್ ಹೆಸರು ಆಕೆಯ ಕಿವಿಗೆ ಮೊದಲು ಬಿದ್ದದ್ದು ಅಲ್ಲಿ. 14ನೇ ವಯಸ್ಸಿನಲ್ಲಿ, 1873ರಲ್ಲಿ, ಅಮೆರಿಕದ ಡೆನ್ವರ್‌ನಲ್ಲಿದ್ದ ತಂದೆಯ ಹತ್ತಿರ ಹೋದಳು. ಅಲ್ಲಿಯೂ ಆರಾಮವಿರಲಿಲ್ಲ. ಒಂದು ಕುಟುಂಬದ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ನಿಂತಳು. ಆ ಮನೆಯಲ್ಲಿ ಪುಸ್ತಕಗಳು ರಾಶಿ ಇದ್ದವು, ಬೇಸಿಗೆಯಲ್ಲಿ ಅವರ ಜೊತೆ ಬೆಟ್ಟಕ್ಕೆ ಹೋಗುವ ಅವಕಾಶವೂ ಸಿಕ್ಕಿತು. ಪರ್ವತದ ಹೂಗಳನ್ನು ಆಕೆ ಕಂಡದ್ದು ಹಾಗೆ, ಇನ್ನೊಬ್ಬರ ಮಕ್ಕಳ ಕೈ ಹಿಡಿದುಕೊಂಡು.

1879ರಲ್ಲಿ ಹೈಸ್ಕೂಲನ್ನು ತರಗತಿಗೇ ಮೊದಲಿಗಳಾಗಿ ಮುಗಿಸಿದಳು. ಆಕೆಯ ಓದು ಅಷ್ಟೇ. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಇದನ್ನು ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನೂ ಹೈಸ್ಕೂಲಿಗೇ ನಿಂತವಳು ನೋಡಿ. ಯಾರಾದರೂ "ಎಲ್ಲಿವರೆಗೆ ಓದಿದೀರಿ?" ಅಂತ ಕೇಳಿದರೆ ಇವತ್ತಿಗೂ ಸ್ವರ ಸಣ್ಣದಾಗುತ್ತದೆ. ಆಲಿಸಳಿಗೆ ಹಾಗಾಗಿರಲಾರದು. ಓದಿದ ಶಾಲೆಯಲ್ಲೇ ಮೇಷ್ಟರಾಗಿ ಹತ್ತು ವರ್ಷ ಪಾಠ ಹೇಳಿದಳು. ರಜೆ ಬಂತೆಂದರೆ ಎರಡು ಸಸ್ಯಶಾಸ್ತ್ರದ ಪುಸ್ತಕ ಹಿಡಿದು ಬೆಟ್ಟಕ್ಕೆ ಹೊರಟುಬಿಡುತ್ತಿದ್ದಳು. ಗುರು ಇಲ್ಲ, ಪ್ರಯೋಗಶಾಲೆ ಇಲ್ಲ. ಗಿಡದ ಮುಂದೆ ಕೂತು, ಪುಸ್ತಕ ತೆರೆದು, ಭೂತಗನ್ನಡಿ ಹಿಡಿದು ಕೇಸರ ಎಣಿಸುವುದು, ಎಲೆಯ ಅಂಚು ನೋಡುವುದು. ಕುದುರೆ ಸವಾರಿಗೆ ಆಗಿನ ಹೆಂಗಸರ ನೆಲ ಗುಡಿಸುವ ಲಂಗ ಅಡ್ಡಿಯಾಗುತ್ತದೆಂದು, ದಪ್ಪ ಡೆನಿಮ್ ಬಟ್ಟೆಯಲ್ಲಿ ಹಿಂದೆ ಮುಂದೆ ಗುಂಡಿಯಿಟ್ಟು ಬೇಕಾದಾಗ ಬಿಚ್ಚಿಕೊಳ್ಳುವಂಥ ಉಡುಪನ್ನು ತಾನೇ ಯೋಚಿಸಿ ಮಾಡಿಕೊಂಡಳು. ಹೊಲಿಗೆ ಗೊತ್ತಿದ್ದವರಿಗೆ ಇದರ ಜಾಣತನ ತಿಳಿಯುತ್ತದೆ.

1887ರಲ್ಲಿ ಡೆನ್ವರಿಗೆ ಒಬ್ಬ ದೊಡ್ಡ ಅತಿಥಿ ಬಂದ. ಆಲ್ಫ್ರೆಡ್ ರಸೆಲ್ ವಾಲೇಸ್, ಡಾರ್ವಿನ್ ಕಂಡ ಜೀವವಿಕಾಸದ ತತ್ತ್ವವನ್ನೇ ತಾನೂ ಸ್ವತಂತ್ರವಾಗಿ ಕಂಡುಕೊಂಡಿದ್ದ ವಿಜ್ಞಾನಿ. ಹದಿನಾಲ್ಕು ಸಾವಿರ ಅಡಿಗೂ ಎತ್ತರದ ಗ್ರೇಸ್ ಪೀಕ್ ಶಿಖರದಲ್ಲಿ ಹೂ ಬಿಡುವ ಕಾಲವಾಗಿತ್ತು. ಅವನಿಗೆ ದಾರಿ ತೋರಿಸಿ ಹೂಗಳನ್ನು ಪರಿಚಯಿಸಲು ಊರವರು ಕಳಿಸಿದ್ದು ಈ ಹೈಸ್ಕೂಲ್ ಮೇಡಂ ಅನ್ನು, 28ರ ಹರೆಯದವಳನ್ನು.

ಇನ್ನು ಇನ್ನೊಬ್ಬ ಹೆಂಗಸಿನ ಮಾತು ಹೇಳದಿದ್ದರೆ ಈ ಕಥೆ ಪೂರ್ತಿಯಾಗುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್ ಎಂಬ ಸಂಸ್ಥೆ. 1853ರಲ್ಲಿ ಹುಟ್ಟಿದ್ದು; ನಿಸರ್ಗಶಾಸ್ತ್ರದ ಎಲ್ಲ ವಿಭಾಗಗಳಲ್ಲೂ ಹೆಂಗಸರ ಸಹಾಯ ನಮಗೆ ಬೇಕು ಅಂತ ಆ ವರ್ಷವೇ ನಿರ್ಣಯ ಮಾಡಿದ್ದರು. ಆ ಕಾಲಕ್ಕೆ ಇದು ಕಡಿಮೆ ಮಾತಲ್ಲ. ಅಲ್ಲಿ ಸಸ್ಯ ವಿಭಾಗದ ಪಾಲಕಿ ಕ್ಯಾಥರೀನ್ ಬ್ರ್ಯಾಂಡೆಜಿ. ವೈದ್ಯಕೀಯ ಓದಿ ಸಸ್ಯಗಳ ಕಡೆ ತಿರುಗಿದವಳು. ಗಂಡ ಟೌನ್‌ಸೆಂಡ್ ಬ್ರ್ಯಾಂಡೆಜಿಯೂ ಸಸ್ಯಪ್ರಿಯನೇ. 1889ರಲ್ಲಿ ಮದುವೆಯಾದ ಈ ಜೋಡಿ ಮಧುಚಂದ್ರಕ್ಕೆ ಏನು ಮಾಡಿತು ಗೊತ್ತೇ? ಸ್ಯಾನ್ ಡಿಯಾಗೋದಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ದಾರಿಯುದ್ದಕ್ಕೂ ಗಿಡ ಕೀಳುತ್ತ ನಡೆದುಕೊಂಡು ಬಂದಿತು! ಎಂಟುನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ದೇವರು ಸರಿಯಾಗಿಯೇ ಗಂಟು ಹಾಕಿದ್ದ ಅನ್ನಬೇಕು.

ಕ್ಯಾಲಿಫೋರ್ನಿಯಾ ನೋಡಲು ಬಂದ ಆಲಿಸಳ ಕೆಲಸ ಕಂಡು ಕ್ಯಾಥರೀನ್ ಆಕೆಯನ್ನು ಬಿಡಲಿಲ್ಲ. ಸಂಸ್ಥೆಯಲ್ಲಿ ಇನ್ನೊಬ್ಬರಿಗೆ ಕೊಡಲು ಹಣವಿರಲಿಲ್ಲ. ಆಗ ಕ್ಯಾಥರೀನ್, ತಿಂಗಳಿಗೆ 75 ಡಾಲರಿನ ತನ್ನ ಸಂಬಳವನ್ನೇ ಆಲಿಸಳಿಗೆ ಬಿಟ್ಟುಕೊಟ್ಟಳು. ಗಂಡನ ಕಡೆಯಿಂದ ಅನುಕೂಲವಿತ್ತು, ನಿಜ. ಆದರೂ ಅನುಕೂಲವಿದ್ದವರೆಲ್ಲ ಹೀಗೆ ಮಾಡುತ್ತಾರೆಯೇ? ಒಬ್ಬ ಹೆಂಗಸು ಇನ್ನೊಬ್ಬಳಿಗೆ ಜಾಗ ಮಾಡಿಕೊಡುವುದು ಅಂದರೆ ಇದು. 1892ರಲ್ಲಿ ಆಲಿಸ್ ಆಕೆಯ ಜೊತೆ ಪಾಲಕಿಯಾದಳು. 1894ರಲ್ಲಿ ಬ್ರ್ಯಾಂಡೆಜಿ ದಂಪತಿಗಳು ಸ್ಯಾನ್ ಡಿಯಾಗೋಗೆ ಹೋದಾಗ ಇಡೀ ವಿಭಾಗ ಆಲಿಸಳ ಕೈಗೆ ಬಂತು.

ಆಕೆ ಅಲ್ಲಿ ಮಾಡಿದ ಒಂದು ಚಿಕ್ಕ ಬದಲಾವಣೆಯನ್ನು ಗಮನಿಸಿ. ಆಗಿನ ವಾಡಿಕೆಯಂತೆ ಮೂಲಮಾದರಿಗಳನ್ನು ಬೇರೆ ಹಾಳೆಗಳ ಜೊತೆಯಲ್ಲೇ, ಆಯಾ ಜಾತಿಯ ಕಟ್ಟಿನಲ್ಲಿ ಸೇರಿಸಿ ಇಡುತ್ತಿದ್ದರು. ಆಲಿಸ್ ಅವನ್ನು ಆರಿಸಿ ತೆಗೆದು ಬೇರೆಯಾಗಿ ಒಂದು ಕಡೆ ಇಟ್ಟಳು. ದಿನಬಳಕೆಯ ಪಾತ್ರೆಯ ಜೊತೆ ಬೆಳ್ಳಿ ಬಟ್ಟಲು ಸೇರಿಸದೆ ಬೇರೆ ತೆಗೆದಿಡುವುದು ನಮಗೇನೂ ಹೊಸದಲ್ಲ. ಆದರೆ ಅದು ಆ ಕಾಲದ ಪದ್ಧತಿಗೆ ವಿರುದ್ಧವಾಗಿತ್ತು.

1906ರ ಏಪ್ರಿಲ್ 18, ಬುಧವಾರ. ಬೆಳಗಿನ ಜಾವ 5 ಗಂಟೆ 12 ನಿಮಿಷಕ್ಕೆ ಭೂಮಿ ನಡುಗಿತು. ಒಂದು ನಿಮಿಷದೊಳಗಿನ ಮಾತು. ಆದರೆ ಗ್ಯಾಸಿನ ಕೊಳವೆಗಳು ಒಡೆದವು, ಅಲ್ಲಲ್ಲಿ ಬೆಂಕಿ ಎದ್ದಿತು, ನೀರಿನ ಕೊಳವೆಗಳೂ ಒಡೆದದ್ದರಿಂದ ಆರಿಸಲು ನೀರಿಲ್ಲ. ಮೂರು ನಾಲ್ಕು ದಿನ ಊರು ಉರಿಯಿತು. ಸುಮಾರು 28,000 ಕಟ್ಟಡಗಳು ಹೋದವು. ನಾಲ್ಕು ಲಕ್ಷ ಜನರಿದ್ದ ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೀದಿಗೆ ಬಿದ್ದರು. ಸತ್ತವರು ಮೂರು ಸಾವಿರಕ್ಕೆ ಕಡಿಮೆಯಿಲ್ಲ ಅಂತ ಈಗಿನ ಅಂದಾಜು.

ಅಕಾಡೆಮಿ ಇದ್ದದ್ದು ಮಾರ್ಕೆಟ್ ಸ್ಟ್ರೀಟ್ ಎಂಬ ದೊಡ್ಡ ಬೀದಿಯಲ್ಲಿ. ಆಲಿಸ್ ಅಲ್ಲಿಗೆ ಬರುವ ಹೊತ್ತಿಗೆ ಬೆಂಕಿ ಪಕ್ಕದ ಕಟ್ಟಡಗಳವರೆಗೆ ಬಂದಿತ್ತು. ಸಸ್ಯ ವಿಭಾಗ ಆರನೇ ಮಹಡಿಯಲ್ಲಿ. ಅಮೃತಶಿಲೆಯ ಮೆಟ್ಟಿಲುಗಳು ಕುಸಿದು ಪುಡಿಯಾಗಿವೆ, ಪಕ್ಕದ ಕಬ್ಬಿಣದ ಕಂಬಿ ಮಾತ್ರ ನಿಂತಿದೆ. ಆಲಿಸ್ ಮತ್ತು ಆಕೆಯ ಸ್ನೇಹಿತ ರಾಬರ್ಟ್ ಪೋರ್ಟರ್ ಆ ಕಂಬಿಗಳ ಸಂದಿಯಲ್ಲಿ ಕಾಲಿಟ್ಟು, ಒಂದೊಂದೇ ಹೆಜ್ಜೆ, ಮೇಲೆ ಹತ್ತಿದರು. ನೆಲ ಮುಟ್ಟುವ ಲಂಗ ಉಟ್ಟ 47ರ ಹೆಂಗಸು. ಕೆಳಗೆ ನೋಡಿದರೆ ಆರು ಮಹಡಿ ಆಳ. ಯೋಚಿಸಿದರೇ ನನಗೆ ತಲೆ ಸುತ್ತುತ್ತದೆ.

ಮೇಲೆ ಎಲ್ಲವನ್ನೂ ಉಳಿಸಲು ಸಾಧ್ಯವೇ ಇರಲಿಲ್ಲ. ಯಾವುದನ್ನು ತರಬೇಕು? ಕಪಾಟು ಕಪಾಟು ಹುಡುಕುವ ಸಮಯ ಅದಲ್ಲ. ಅಲ್ಲೇ ಉಪಯೋಗಕ್ಕೆ ಬಂತು ನೋಡಿ, ಮೂಲಮಾದರಿಗಳನ್ನು ಬೇರೆ ಇಟ್ಟ ಆ ಹಳೆಯ ಅಭ್ಯಾಸ. ಕೈ ನೇರವಾಗಿ ಅಲ್ಲಿಗೇ ಹೋಯಿತು. ಸಿಕ್ಕ ಹಗ್ಗ, ದಾರ ಎಲ್ಲ ಸೇರಿಸಿ ಗಂಟು ಹಾಕಿ, ಕಟ್ಟುಗಳನ್ನು ಕೆಳಗೆ ಇಳಿಸಿದರು. ಸಂಸ್ಥೆಯ ಕೆಲವು ದಾಖಲೆಗಳೂ ಹಾಗೆಯೇ ಕೆಳಗೆ ಬಂದವು. ಒಟ್ಟು 1,497 ಮಾದರಿಗಳು ಉಳಿದವು. ಉಳಿದ ಸಂಗ್ರಹವೆಲ್ಲ, ವರ್ಷಗಟ್ಟಲೆ ತಾನೇ ಕಾಡು ಮೇಡು ಅಲೆದು ತಂದದ್ದೂ ಸೇರಿ, ಅಂದೇ ಬೂದಿಯಾಯಿತು. ಉಳಿಸಿದ ಕಟ್ಟುಗಳನ್ನಾದರೂ ಒಂದು ಜಾಗದಲ್ಲಿ ಇಡುವಂತಿರಲಿಲ್ಲ. ಬೆಂಕಿ ಮುಂದೆ ಬಂದಂತೆ ಅಲ್ಲಿಂದಿಲ್ಲಿಗೆ ಸಾಗಿಸಬೇಕಾಯಿತು.

ಈ ಓಡಾಟದಲ್ಲಿ ಆಲಿಸಳ ಮನೆಯೂ ಸುಟ್ಟುಹೋಯಿತು. ಬಟ್ಟೆ ಬರೆ, ಪುಸ್ತಕ, ಏನೂ ಉಳಿಯಲಿಲ್ಲ. ತನಗಾಗಿ ಆಕೆ ಉಳಿಸಿಕೊಂಡದ್ದು ಒಂದೇ ವಸ್ತು, ತನ್ನ ನೆಚ್ಚಿನ ಭೂತಗನ್ನಡಿ. ಅದಿಲ್ಲದಿದ್ದರೆ ತನಗೆ ಕೈ ಕಟ್ಟಿದಂತಾಗುತ್ತದೆ ಅನ್ನುವ ಭಾವ. ಆ ವರ್ಷದ ಮೇ ತಿಂಗಳಲ್ಲಿ 'ಸೈನ್ಸ್' ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಆಕೆಯ ಕಾಗದ ಅಚ್ಚಾಯಿತು. ನಷ್ಟ ತನ್ನದಲ್ಲ, ವಿಜ್ಞಾನದ್ದು, ಕ್ಯಾಲಿಫೋರ್ನಿಯಾದ್ದು. ತನ್ನ ಕೆಲಸ ನಾಶವಾದದ್ದಕ್ಕೆ ಅಳುವುದಿಲ್ಲ, ಮಾಡುವಾಗ ಸಂತೋಷ ಕೊಟ್ಟಿತ್ತು, ಮತ್ತೆ ಮೊದಲಿನಿಂದ ಮಾಡಿದರೆ ಅದೇ ಸಂತೋಷ ಮತ್ತೆ ಸಿಗುತ್ತದೆ, ಎಂಬ ಅರ್ಥದ ಮಾತುಗಳು ಅದರಲ್ಲಿವೆ. ಕಾಯಿಸಿದ ಹಾಲು ಉಕ್ಕಿಹೋದರೆ ಇಡೀ ದಿನ ಮುಖ ಊದಿಸಿಕೊಂಡಿರುವವಳು ನಾನು. ಈ ಮಾತನ್ನು ಎರಡು ಸಲ ಓದಿಕೊಂಡೆ.

ಅಕಾಡೆಮಿಗೆ ಕಟ್ಟಡವೇ ಇಲ್ಲವೆಂದ ಮೇಲೆ ಕೆಲಸ ಎಲ್ಲಿ? ಮುಂದಿನ ಆರು ವರ್ಷ ಆಲಿಸ್ ಊರೂರಿನ ಹರ್ಬೇರಿಯಂಗಳಲ್ಲಿ ಕೂತು ಕಲಿತಳು. ಹಾರ್ವರ್ಡ್‌ನ ಗ್ರೇ ಹರ್ಬೇರಿಯಂ, ನ್ಯೂಯಾರ್ಕ್, ವಾಷಿಂಗ್ಟನ್, ಸಮುದ್ರ ದಾಟಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಕ್ಯೂ ತೋಟ. 1912ರಲ್ಲಿ ಅಕಾಡೆಮಿ ಮತ್ತೆ ಕರೆಯಿತು. ಈಗ ಅದು ಗೋಲ್ಡನ್ ಗೇಟ್ ಪಾರ್ಕ್ ಎಂಬ ದೊಡ್ಡ ಉದ್ಯಾನದಲ್ಲಿ ಹೊಸ ಮನೆ ಕಟ್ಟಿಕೊಳ್ಳುತ್ತಿತ್ತು. 53ನೇ ವಯಸ್ಸಿನಲ್ಲಿ ಆಲಿಸ್ ಸೊನ್ನೆಯಿಂದ, ಅಲ್ಲ, ಆ 1,497ರಿಂದ, ಮತ್ತೆ ಶುರು ಮಾಡಿದಳು.

ಆಮೇಲಿನದು ಅಲೆದಾಟದ ಕಥೆ. 1914ರಲ್ಲಿ ಉತ್ತರ ಧ್ರುವದ ಕಡೆಯ ಯೂಕಾನ್ ಪ್ರದೇಶದ ಡಾಸನ್‌ವರೆಗೆ ಒಬ್ಬಳೇ ಹೋಗಿ ಗಿಡ ತಂದಳು. ನಡಿಗೆಯಲ್ಲಿ ಗಂಡಸರೂ ಆಕೆಗೆ ಸಮ ಬರುತ್ತಿರಲಿಲ್ಲವಂತೆ. ಬೇರೆ ಸಂಸ್ಥೆಗಳಿಗೆ ಹೆಚ್ಚುವರಿ ಹಾಳೆ ಕಳಿಸುವುದು, ಅವರಿಂದ ತರಿಸುವುದು, ಪುಸ್ತಕಭಂಡಾರವನ್ನು ಒಂದೊಂದೇ ಪುಸ್ತಕ ಸೇರಿಸಿ ತುಂಬಿಸುವುದು. ವಿಜ್ಞಾನಿಗಳಿಗೆ ಮಾತ್ರವಲ್ಲ, ನಮ್ಮಂಥ ಮನೆಮಂದಿಗೂ ಸಮಯ ಕೊಡುತ್ತಿದ್ದಳು. ಮ್ಯೂಸಿಯಂನಲ್ಲಿ ತಾಜಾ ಹೂಗಳನ್ನು ಹೆಸರಿನ ಚೀಟಿ ಸಮೇತ ಜೋಡಿಸಿಡುವುದು ಆಕೆಯ ಪರಿಪಾಠ. ಯಾರು ಬೇಕಾದರೂ ಬಂದು ನೋಡಿ ತಮ್ಮ ಹಿತ್ತಿಲಿನ ಗಿಡದ ಹೆಸರು ತಿಳಿದುಕೊಳ್ಳಬಹುದಿತ್ತು. 1942ರ ಹೊತ್ತಿಗೆ ಸಂಗ್ರಹ ಮೂರು ಲಕ್ಷ ದಾಟಿತ್ತು. 1906ರಲ್ಲಿ ಸುಟ್ಟುಹೋದದ್ದರ ಮೂರು ಪಟ್ಟಿಗೆ ಹತ್ತಿರ! ಜೊತೆಗೆ 310ಕ್ಕೂ ಹೆಚ್ಚು ಲೇಖನಗಳು. ಆಕೆ ಹೆಸರಿಟ್ಟ ಸಸ್ಯಗಳು 395. ಗಿಡಗಳಿಗೆ ಇಷ್ಟು ಹೆಸರು ಕೊಟ್ಟ ಹೆಂಗಸರು ಪ್ರಪಂಚದಲ್ಲೇ ಬೆರಳೆಣಿಕೆಯಷ್ಟು.

ಮದುವೆಯಾಗಲಿಲ್ಲ. ಅದರ ಬಗ್ಗೆ ಬರೆದವರು ಏನೇನೋ ಕಥೆ ಕಟ್ಟಿದ್ದಾರೆ, ನಾನು ಆ ಗೊಡವೆಗೆ ಹೋಗುವುದಿಲ್ಲ. ಗಂಡಸು ವಿಜ್ಞಾನಿಯ ಬಗ್ಗೆ ಬರೆಯುವಾಗ ಯಾರೂ ಅದನ್ನು ಮೊದಲು ಕೇಳುವುದಿಲ್ಲವಲ್ಲ.

1949ರಲ್ಲಿ, 90 ತುಂಬಿದಾಗ, ಆಲಿಸ್ ನಿವೃತ್ತಳಾದಳು. ತೊಂಬತ್ತು ಅಂತಲೇ ಓದಿಕೊಳ್ಳಿ, ಅಚ್ಚಿನ ತಪ್ಪಲ್ಲ. ಮರುವರ್ಷ ಸ್ವೀಡನ್ ದೇಶದ ಸ್ಟಾಕ್‌ಹೋಮ್‌ನಲ್ಲಿ ಏಳನೇ ಅಂತಾರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನ. ಅದರ ಗೌರವಾಧ್ಯಕ್ಷೆಯಾಗಿ ಆಕೆಗೆ ಕರೆ ಬಂತು. ಸ್ವೀಡನ್ ಅಂದರೆ ಲಿನೇಯಸ್‌ನ ನಾಡು. ಈಗಲೂ ನಾವು ಬಳಸುವ ಎರಡು ಪದದ ಶಾಸ್ತ್ರನಾಮಗಳನ್ನು 1753ರಲ್ಲಿ ಸಸ್ಯಗಳಿಗೆಲ್ಲ ಕೊಟ್ಟು ವ್ಯವಸ್ಥೆ ಮಾಡಿದವನು ಅವನೇ. 91ರ ಆಲಿಸ್ ಹೊರಟೇಬಿಟ್ಟಳು. ಅಲ್ಲಿ ಆಕೆಯನ್ನು ಲಿನೇಯಸ್ ಕೂರುತ್ತಿದ್ದ ಕುರ್ಚಿಯಲ್ಲಿ ಕೂರಿಸಿದರು. ದೊಡ್ಡ ದೊಡ್ಡ ಪದವಿಯವರೆಲ್ಲ ಸುತ್ತ ನಿಂತಿದ್ದಾಗ ಆ ಕುರ್ಚಿಯ ಮೇಲೆ ಕೂತದ್ದು ಡೆನ್ವರಿನ ಹೈಸ್ಕೂಲಿನಲ್ಲಿ ಓದು ನಿಲ್ಲಿಸಿದವಳು.

1953ರ ಅಕ್ಟೋಬರ್ 30ರಂದು, 94ನೇ ವಯಸ್ಸಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ತೀರಿಕೊಂಡಳು. ಕ್ಯಾಲಿಫೋರ್ನಿಯಾದ ಒಣ ಗುಡ್ಡಗಳಲ್ಲಿ ಬೆಳೆಯುವ ಒಂದು ಪೊದೆಗಿಡವಿದೆ, ಸೇವಂತಿಗೆಯ ಕುಟುಂಬದ್ದು, ಹಳದಿ ಹೂ ಬಿಡುತ್ತದೆ. ಅದರ ಹೆಸರು ಈಸ್ಟ್‌ವುಡಿಯಾ. ಆ ಹೆಸರಿಟ್ಟವನು ಬೇರೆ ಯಾರೂ ಅಲ್ಲ, ಸಂಬಳ ಬಿಟ್ಟುಕೊಟ್ಟ ಕ್ಯಾಥರೀನಳ ಗಂಡ, ಟೌನ್‌ಸೆಂಡ್ ಬ್ರ್ಯಾಂಡೆಜಿ. 1894ರಲ್ಲಿ, ಆಲಿಸಳ ಕೈಗೆ ಕಪಾಟಿನ ಬೀಗದ ಕೈ ಕೊಟ್ಟು ಹೋದ ವರ್ಷವೇ.